ಸಸಿ ಟ್ರೇಗೆ ಹೈಡ್ರೋಜನ್ ಪೆರಾಕ್ಸೈಡ್ ಸುರಿದಾಗ ಏಳುವ ನೊರೆ ಏನು?

ಸಿರುಗುಪ್ಪ ಸಸಿಮಡಿ:

ಎಲ್ಲರಿಗೂ ನಮಸ್ಕಾರ. ಸಿರುಗುಪ್ಪದ ಹತ್ತಿರ ನಾವು ಮೆಣಸಿನಕಾಯಿ ಸಸಿ ಬೆಳೆಸಿ ರೈತರಿಗೆ ಕೊಡುವ ಸಣ್ಣ ನೆರಳುಮನೆ ನಡೆಸುತ್ತೇವೆ. ಈ ಸಲದ ಮೊದಲ ಸುತ್ತಿನಲ್ಲಿ ಸಸಿ ಕೊಳೆ ರೋಗ ಬಂದು, 98 ಕುಳಿಯ ಒಂದೊಂದು ಟ್ರೇಯಲ್ಲಿ ಮೂವತ್ತಕ್ಕಿಂತ ಹೆಚ್ಚು ಸಸಿಗಳು ಬುಡದಲ್ಲಿ ನೂಲಿನೆಳೆಯಂತೆ ಸೊರಗಿ ಮಲಗಿಬಿಟ್ಟವು. ಪರಿಚಯದ ತೋಟದವರೊಬ್ಬರು, ಗಾಯಕ್ಕೆ ಹಾಕುವ ಹೈಡ್ರೋಜನ್ ಪೆರಾಕ್ಸೈಡನ್ನು ನೀರಿಗೆ ಬೆರೆಸಿ ಸುರಿದರೆ ಮಣ್ಣು ಶುದ್ಧವಾಗುತ್ತದೆ, ಬೇರಿಗೆ ಆಮ್ಲಜನಕವೂ ಸಿಗುತ್ತದೆ ಎಂದರು. ಅದರಂತೆ ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ ಟ್ರೇಗಳಿಗೆ ಹನಿಸಿದೆ. ಸುರಿದ ಕೂಡಲೇ ಪ್ರತಿ ಕುಳಿಯ ಬಾಯಲ್ಲೂ ಸಾಸಿವೆಗಿಂತ ಸಣ್ಣ ಗುಳ್ಳೆಗಳ ಬಿಳಿ ನೊರೆ ಎದ್ದಿತು. ಕಿವಿ ಹತ್ತಿರ ತಂದರೆ ಚುರುಚುರು ಎನ್ನುವ ಸಣ್ಣ ಸದ್ದು ಕೇಳುತ್ತಿತ್ತು. ರೋಗ ಸಾಯುತ್ತಿದೆ ಎಂದೇ ನಾನು ನಂಬಿದೆ. ಆದರೆ ಮೂರನೆಯ ದಿನವೂ ಸಸಿಗಳು ಮೊದಲಿನಂತೆಯೇ ಬೀಳುತ್ತಿದ್ದವು. ಅದರ ಜೊತೆಗೆ ಎಳೆಯ ಸಸಿಗಳ ಎಲೆಯಂಚು ಬಿಳಿಚಿಕೊಂಡು ಒಣಗಿತು. ಆ ನೊರೆ ನಿಜವಾಗಿ ಏನು? ಇನ್ನೂ ಗಟ್ಟಿಯಾದದ್ದನ್ನು ತಂದು ಸುರಿಯಬೇಕೆ, ಅಥವಾ ಇದನ್ನು ಇಲ್ಲಿಗೇ ಬಿಡಬೇಕೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ರಾಯಚೂರು ರಸಾಯನ ಪಾಠ:

ಅಕ್ಕಾವರೇ, ಗಟ್ಟಿಯಾದದ್ದನ್ನು ಸಸಿಗಳಿಗೆ ಖಂಡಿತ ಸುರಿಯಬೇಡಿ. ನಾನು ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುವವನು. ನಿಮ್ಮ ಪ್ರಶ್ನೆಯ ಉತ್ತರ ಆ ನೊರೆಯಲ್ಲೇ ಇರುವುದರಿಂದ ಅಲ್ಲಿಂದಲೇ ಶುರುಮಾಡುತ್ತೇನೆ.

ನೀರಿನ ಅಣುವಿನಲ್ಲಿ ಎರಡು ಹೈಡ್ರೋಜನ್ ಪರಮಾಣುಗಳ ಜೊತೆ ಒಂದು ಆಮ್ಲಜನಕ ಇರುತ್ತದೆ, ಪೆರಾಕ್ಸೈಡಿನಲ್ಲಿ ಎರಡು ಇರುತ್ತವೆ. ಆ ಎರಡು ಆಮ್ಲಜನಕಗಳನ್ನು ಒಂದಕ್ಕೊಂದು ಹಿಡಿದಿರುವ ಬಂಧ ಬಹಳ ಬಲಹೀನವಾದದ್ದು. ಆದ್ದರಿಂದ ಈ ಅಣುವಿಗೆ ಎರಡು ದಾರಿಗಳಿವೆ. ಒಂದು, ತಾನೇ ಒಡೆದು ನೀರು ಮತ್ತು ಆಮ್ಲಜನಕದ ಅನಿಲವಾಗುವುದು. ಇನ್ನೊಂದು, ಎದುರಿಗೆ ಸಿಕ್ಕ ವಸ್ತುವಿಗೆ ತನ್ನ ಹೆಚ್ಚುವರಿ ಆಮ್ಲಜನಕವನ್ನು ಕೊಟ್ಟು ಅದನ್ನು ಉತ್ಕರ್ಷಿಸುವುದು. ರೋಗಾಣುವಿನ ಹೊರಪೊರೆಯ ಕೊಬ್ಬು, ಅದರ ಪ್ರೋಟೀನು, ಒಳಗಿನ ಡಿಎನ್‌ಎ ಹಾಳಾಗುವುದು ಈ ಎರಡನೆಯ ದಾರಿಯಲ್ಲಿ. ಜೀವಕೋಶದೊಳಗಿನ ಕಬ್ಬಿಣ ಪೆರಾಕ್ಸೈಡಿಗೆ ತಗುಲಿದಾಗ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಅತ್ಯಂತ ಉಗ್ರವಾದ ತುಣುಕು ಹುಟ್ಟುತ್ತದೆ, ಮುಖ್ಯವಾದ ಹಾನಿ ಮಾಡುವುದು ಅದು. ಕಬ್ಬಿಣ ಮತ್ತು ಪೆರಾಕ್ಸೈಡ್ ಸೇರಿದರೆ ಉತ್ಕರ್ಷಣ ಹೀಗೆ ತೀವ್ರವಾಗುತ್ತದೆ ಎಂಬುದನ್ನು ಫೆಂಟನ್ ಎಂಬ ಇಂಗ್ಲಿಷ್ ರಸಾಯನಜ್ಞ 1894ರಲ್ಲಿ ಬರೆದಿಟ್ಟರು.

ನೀವು ಕಂಡ ನೊರೆ ಮೊದಲನೆಯ ದಾರಿಯದು. ಮಣ್ಣಿನ ಸೂಕ್ಷ್ಮಜೀವಿಗಳಲ್ಲಿ, ಬೇರಿನಲ್ಲಿ, ಎರೆಗೊಬ್ಬರದಲ್ಲಿ ಕ್ಯಾಟಲೇಸ್ ಎಂಬ ಕಿಣ್ವ ತುಂಬಿರುತ್ತದೆ. ಅದರ ಒಂದೇ ಅಣು ಒಂದು ಸೆಕೆಂಡಿನಲ್ಲಿ ಲಕ್ಷಾಂತರ ಪೆರಾಕ್ಸೈಡ್ ಅಣುಗಳನ್ನು ಒಡೆದು ಹಾಕಬಲ್ಲದು. ಗಾಯಕ್ಕೆ ಹಾಕಿದಾಗ ಏಳುವ ನೊರೆ, ಹಸಿ ಆಲೂಗಡ್ಡೆಯ ಹೋಳಿನ ಮೇಲೆ ಏಳುವ ನೊರೆ, ನಿಮ್ಮ ಟ್ರೇಯ ನೊರೆ, ಮೂರೂ ಒಂದೇ. ಅದರಲ್ಲಿರುವುದು ನಾವು ಉಸಿರಾಡುವ ಆಮ್ಲಜನಕವೇ. ಅದರಿಂದ ಕೊಳೆ ರೋಗದ ರೋಗಾಣು ಸಾಯುವುದಿಲ್ಲ. ಗುಳ್ಳೆಯಾಗಿ ಮೇಲೆದ್ದ ಪೆರಾಕ್ಸೈಡ್ ರೋಗಾಣುವಿನ ಲೆಕ್ಕಕ್ಕೆ ಬರಲಿಲ್ಲ ಎಂದೇ ತಿಳಿಯಬೇಕು. ನೊರೆ ಜೋರಾದಷ್ಟೂ ನಿಮ್ಮ ಔಷಧ ಬೇಗ ತೀರುತ್ತಿದೆ.

1818ರಲ್ಲಿ ಪ್ಯಾರಿಸ್ಸಿನಲ್ಲಿ ಥೆನಾರ್ ಎಂಬ ವಿಜ್ಞಾನಿ ಬೇರಿಯಂ ಪೆರಾಕ್ಸೈಡಿಗೆ ಆಮ್ಲ ಸೇರಿಸಿ ಇದನ್ನು ಮೊದಲು ತಯಾರಿಸಿದಾಗ ಆಮ್ಲಜನಕ ತುಂಬಿದ ನೀರು ಎಂಬ ಅರ್ಥದ ಹೆಸರನ್ನೇ ಕೊಟ್ಟಿದ್ದರು. ಇದನ್ನು ಬರೀ ಆಮ್ಲಜನಕ ಹೊತ್ತು ತರುವ ನೀರೆಂದು ಭಾವಿಸುವ ರೂಢಿ ಅಷ್ಟು ಹಳೆಯದು.

ಬಳ್ಳಾರಿ ಮೆಡಿಕಲ್:

ಗುರುಗಳ ವಿವರಣೆಗೆ ಅಂಗಡಿಯ ಕಡೆಯಿಂದ ಒಂದು ಮುಖ್ಯ ಮಾತು ಸೇರಿಸುತ್ತೇನೆ. ನಮ್ಮಲ್ಲಿ ಐಪಿ (ಇಂಡಿಯನ್ ಫಾರ್ಮಾಕೋಪಿಯಾ, ಅಂದರೆ ಭಾರತದ ಔಷಧ ಗುಣಮಟ್ಟದ ಸಂಹಿತೆ) ಗುರುತಿನೊಂದಿಗೆ ಬರುವ ಬಾಟಲಿ ಸಾಮಾನ್ಯವಾಗಿ ಶೇ. 6ರದ್ದು, ಅದನ್ನೇ 20 ವಾಲ್ಯೂಮ್ ಎಂದೂ ಬರೆದಿರುತ್ತಾರೆ. ಒಂದು ಲೀಟರ್ ದ್ರಾವಣ ಪೂರ್ತಿ ಒಡೆದರೆ 20 ಲೀಟರ್ ಆಮ್ಲಜನಕ ಬರುತ್ತದೆ ಎಂಬುದು ಅದರ ಅರ್ಥ. ಅಮೆರಿಕದಲ್ಲಿ ಮನೆಬಳಕೆಗೆ ಸಿಗುವ ಬಾಟಲಿ ಶೇ. 3ರದ್ದು. ಅಲ್ಲಿಯವರ ವಿಡಿಯೊ ನೋಡಿ ಇಷ್ಟು ಚಮಚ ಎಂದು ಲೆಕ್ಕ ಹಿಡಿದವರು ಇಲ್ಲಿಯ ಬಾಟಲಿಯಿಂದ ಅಳೆದರೆ ಗೊತ್ತಿಲ್ಲದೆ ಎರಡು ಪಟ್ಟು ಹಾಕಿದಂತಾಗುತ್ತದೆ. ಅಕ್ಕಾವರು ಹಾಕಿದ್ದು ಹೆಚ್ಚುಕಡಿಮೆ ಶೇ. 0.5 ಆಯಿತು, ಎರಡೆಲೆಯ ಮೆಣಸಿನ ಸಸಿಗೆ ಅದು ಹೆಚ್ಚೇ. ಬ್ಯೂಟಿ ಪಾರ್ಲರಿಗೆ ಹೋಗುವ 30, 40 ವಾಲ್ಯೂಮಿನ ಕ್ರೀಮುಗಳನ್ನು ತೋಟಕ್ಕೆ ಬಳಸುತ್ತೇವೆಂದು ಕೇಳಿದವರೂ ಇದ್ದಾರೆ. ಅವುಗಳಲ್ಲಿ ಬೇರೆ ಪದಾರ್ಥಗಳು ಸೇರಿರುತ್ತವೆ, ಅವನ್ನು ಬಳಸಬೇಡಿ.

ಸಿಂಧನೂರು ಮಹಡಿತೋಟ:

ನಾನು ಇದಕ್ಕೆ ಪೂರ್ತಿ ಒಪ್ಪಲಾರೆ. ನಮ್ಮ ಮಹಡಿಯ ಕುಂಡಗಳಲ್ಲಿ ಹೋದ ಮಳೆಗಾಲದಲ್ಲಿ ನೀರು ನಿಂತು ಬದನೆ, ಗುಲಾಬಿ ಎರಡೂ ಬಾಡಿದ್ದವು. ಒಂದು ಲೀಟರ್ ನೀರಿಗೆ 5 ಮಿಲಿ ಲೀಟರಿನಂತೆ ಪೆರಾಕ್ಸೈಡ್ ಬೆರೆಸಿ ಹಾಕಿದ ಮೇಲೆ ವಾರದಲ್ಲಿ ಚೇತರಿಸಿಕೊಂಡವು. ಬೇರಿಗೆ ಉಸಿರು ಸಿಕ್ಕಿದ್ದರಿಂದಲೇ ಅಲ್ಲವೇ ಅವು ಬದುಕಿದ್ದು? ಕಣ್ಣಾರೆ ಕಂಡದ್ದನ್ನು ಹೇಗೆ ಅಲ್ಲಗಳೆಯುವುದು?

ರಾಯಚೂರು ರಸಾಯನ ಪಾಠ:

ನೀವು ಕಂಡದ್ದನ್ನು ಅಲ್ಲಗಳೆಯುವುದಿಲ್ಲ, ಲೆಕ್ಕ ಮಾತ್ರ ಹಾಕಿ ನೋಡೋಣ. 20 ವಾಲ್ಯೂಮಿನ 5 ಮಿಲಿ ಲೀಟರ್ ಪೂರ್ತಿ ಒಡೆದರೆ ಬರುವುದು 100 ಮಿಲಿ ಲೀಟರ್ ಆಮ್ಲಜನಕ, ಅಂದರೆ ಅರ್ಧ ಲೋಟ ಅನಿಲ. 30 ಡಿಗ್ರಿ ಸೆಲ್ಸಿಯಸ್ಸಿನ ಒಂದು ಲೀಟರ್ ನೀರು ಗಾಳಿಯಿಂದ ಕರಗಿಸಿಟ್ಟುಕೊಳ್ಳಬಲ್ಲ ಆಮ್ಲಜನಕ ಏಳೂವರೆ ಮಿಲಿಗ್ರಾಮಿನಷ್ಟು. ನೀವು ಹಾಕಿದ ಪೆರಾಕ್ಸೈಡಿನಿಂದ ಹುಟ್ಟುವುದು ಸುಮಾರು 140 ಮಿಲಿಗ್ರಾಂ. ಕೇಳುವುದಕ್ಕೆ ದೊಡ್ಡದೆನಿಸುತ್ತದೆ. ಆದರೆ ಅದರ ಬಹುಪಾಲು ನೀರಿನಲ್ಲಿ ನಿಲ್ಲಲಾರದೆ ಗುಳ್ಳೆಯಾಗಿ ಹೊರಗೆ ಹೋಗುತ್ತದೆ. ಇತ್ತ 10 ಲೀಟರ್ ಮಣ್ಣು ಹಿಡಿಯುವ ಕುಂಡದಲ್ಲಿ ನೀರು ಬಸಿದು ಐದನೇ ಒಂದು ಭಾಗ ಗಾಳಿಯ ಜಾಗ ಉಳಿದರೆ, ಅದರಲ್ಲಿ 400 ಮಿಲಿ ಲೀಟರಿನಷ್ಟು ಆಮ್ಲಜನಕ ಇರುತ್ತದೆ, ಅದು ಖರ್ಚಾದಂತೆಲ್ಲ ಹೊರಗಿನ ಗಾಳಿಯಿಂದ ತುಂಬಿಕೊಳ್ಳುತ್ತಲೂ ಇರುತ್ತದೆ. ಹಾಗಾಗಿ ಒಂದು ಮಾತು ಕೇಳುತ್ತೇನೆ: ಪೆರಾಕ್ಸೈಡ್ ಹಾಕಿದ ವಾರದಲ್ಲಿ ಕುಂಡದ ತೂತುಗಳನ್ನು ಬಿಡಿಸಿದ್ದಿರಾ, ನೀರು ಕೊಡುವುದನ್ನು ನಿಲ್ಲಿಸಿದ್ದಿರಾ?

ಸಿಂಧನೂರು ಮಹಡಿತೋಟ:

ಹೌದು ಸರ್, ತೂತು ಕಟ್ಟಿಕೊಂಡಿದ್ದವು, ಕಡ್ಡಿ ಹಾಕಿ ಬಿಡಿಸಿದ್ದೆ. ನಾಲ್ಕು ದಿನ ನೀರನ್ನೂ ಹಾಕಿರಲಿಲ್ಲ. ಇದನ್ನು ಮೊದಲೇ ಬರೆಯಬೇಕಿತ್ತು. ಆದರೂ ನೀರು ನಿಂತು ಗಬ್ಬು ವಾಸನೆ ಬರುತ್ತಿದ್ದ ಮಣ್ಣಿನಲ್ಲಿ ಅದನ್ನು ಹಾಕಿದ ದಿನವೇ ವಾಸನೆ ಹೋಯಿತು, ಅದು ಮಾತ್ರ ತೂತು ಬಿಡಿಸಿದ್ದರಿಂದ ಆದದ್ದಲ್ಲ.

ರಾಯಚೂರು ರಸಾಯನ ಪಾಠ:

ಆ ಮಾತು ನಿಜ, ಅದನ್ನು ಒಪ್ಪುತ್ತೇನೆ. ಕೊಳೆತ ಮೊಟ್ಟೆಯ ವಾಸನೆ ಬರುವುದು ಹೈಡ್ರೋಜನ್ ಸಲ್ಫೈಡಿನಿಂದ, ಅದನ್ನು ಪೆರಾಕ್ಸೈಡ್ ಕೂಡಲೇ ಉತ್ಕರ್ಷಿಸಿ ಗಂಧಕವನ್ನಾಗಿಯೋ ಸಲ್ಫೇಟನ್ನಾಗಿಯೋ ಮಾಡುತ್ತದೆ. ಕೊಳಚೆ ನೀರಿನ ವಾಸನೆ ತೆಗೆಯುವುದಕ್ಕೂ ಇದೇ ಕ್ರಿಯೆಯನ್ನು ಬಳಸುತ್ತಾರೆ. ಆದರೆ ನೀರು ನಿಲ್ಲುವ ಕಾರಣ ಹೋಗದಿದ್ದರೆ ಎರಡು ದಿನಕ್ಕೆ ವಾಸನೆ ಮತ್ತೆ ಬರುತ್ತದೆ.

ಸಂಡೂರು ಮಣ್ಣು:

ಮಣ್ಣು ಮತ್ತು ಅದಿರಿನ ಮಾದರಿಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಬಹಳ ವರ್ಷ ಕೆಲಸ ಮಾಡಿದವನು ನಾನು. ನೊರೆಗೆ ಕ್ಯಾಟಲೇಸ್ ಒಂದೇ ಕಾರಣವಲ್ಲ, ನಮ್ಮ ಭಾಗದ ಮಣ್ಣಿಗೆ ಇನ್ನೊಂದು ಕಾರಣವೂ ಇದೆ. ಸಂಡೂರಿನ ಗುಡ್ಡಗಳಲ್ಲಿ ಕಬ್ಬಿಣದ ಅದಿರಿನ ಜೊತೆ ಮ್ಯಾಂಗನೀಸ್ ಅದಿರೂ ಇದೆ. ಮ್ಯಾಂಗನೀಸ್ ಡೈಆಕ್ಸೈಡ್ ಪೆರಾಕ್ಸೈಡನ್ನು ಒಡೆಯುವ ಬಲವಾದ ಕ್ರಿಯಾವರ್ಧಕ. ತಾನು ಒಂದಿಷ್ಟೂ ಖರ್ಚಾಗದೆ ಸುರಿದದ್ದನ್ನೆಲ್ಲ ಒಡೆಯುತ್ತಲೇ ಇರುತ್ತದೆ. ಮಣ್ಣಿನ ಸರ್ವೆ ಮಾಡುವವರು ಹೊಲದಲ್ಲಿ ಮಣ್ಣಿನ ಹೆಂಟೆಯ ಮೇಲೆ ಕಪ್ಪು ಲೇಪ ಕಂಡರೆ ಒಂದು ಹನಿ ಪೆರಾಕ್ಸೈಡ್ ಬಿಟ್ಟು ನೋಡುತ್ತಾರೆ. ಬುರಬುರನೆ ಉಕ್ಕಿದರೆ ಅಲ್ಲಿ ಮ್ಯಾಂಗನೀಸ್ ಇದೆ ಎಂದು ಗುರುತು ಹಾಕಿಕೊಳ್ಳುತ್ತಾರೆ.

ನಿಮ್ಮ ಮಣ್ಣಿನ ನೊರೆ ಜೀವಿಗಳದೋ ಖನಿಜದ್ದೋ ಎಂದು ಮನೆಯಲ್ಲೇ ತಿಳಿಯಬಹುದು. ಒಂದು ಚಮಚ ಮಣ್ಣನ್ನು ಹಳೆಯ ಬಾಣಲೆಯಲ್ಲಿ ಹತ್ತು ನಿಮಿಷ ಚೆನ್ನಾಗಿ ಹುರಿದು ಆರಿಸಿ. ಹುರಿದ ಮಣ್ಣನ್ನೂ ಹುರಿಯದ ಮಣ್ಣನ್ನೂ ಎರಡು ಬಾಟಲಿ ಮುಚ್ಚಳಗಳಲ್ಲಿ ಹಾಕಿ, ಎರಡಕ್ಕೂ ಸಮವಾಗಿ ಪೆರಾಕ್ಸೈಡ್ ಬಿಡಿ. ಕಿಣ್ವ ಬಿಸಿಗೆ ಹಾಳಾಗುತ್ತದೆ, ಖನಿಜ ಹಾಳಾಗುವುದಿಲ್ಲ. ಇದನ್ನು ಓದಿದ ಮೇಲೆ ಇವತ್ತೇ ನಾನೂ ಮಾಡಿ ನೋಡಿದೆ. ನಮ್ಮ ಹಿತ್ತಲಿನ ತಿಪ್ಪೆಗೊಬ್ಬರ ಬೆರೆತ ಮಣ್ಣು ಹಸಿಯಾಗಿದ್ದಾಗ ಮುಚ್ಚಳ ತುಂಬಿ ಹೊರಗೆ ಹರಿಯುವಷ್ಟು ಉಕ್ಕಿತು, ಹುರಿದ ಮೇಲೆ ಅಲ್ಲಲ್ಲಿ ನಾಲ್ಕು ಗುಳ್ಳೆ ಬಿಟ್ಟು ಸುಮ್ಮನಾಯಿತು. ಗುಡ್ಡದ ಕಡೆಯಿಂದ ತಂದಿದ್ದ ಕರಿಗೆಂಪು ಮಣ್ಣು ಹುರಿದ ಮೇಲೂ ಅಷ್ಟೇ ರಭಸದಿಂದ ಕುದಿಯಿತು. ಅದರ ಗುಳ್ಳೆಗಳು ದಪ್ಪ, ಮುಚ್ಚಳ ಬೆರಳಿಗೆ ಬೆಚ್ಚಗೆ ತಗುಲುವಂತಾಯಿತು. ಎರಡನೆಯ ತರಹದ ಮಣ್ಣಿಗೆ ಬ್ಯಾರಲ್‌ಗಟ್ಟಲೆ ಸುರಿದರೂ ಪ್ರಯೋಜನವಿಲ್ಲ.

ಎರೆ ಹೊಲದವರಿಗೂ ಒಂದು ಮಾತಿದೆ. ನಮ್ಮ ಎರೆ ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು, ಪಿಎಚ್ ಸಾಮಾನ್ಯವಾಗಿ 8ರ ಮೇಲಿರುತ್ತದೆ. ಪೆರಾಕ್ಸೈಡ್ ತುಸು ಆಮ್ಲೀಯವಾಗಿದ್ದಾಗ ಸ್ಥಿರವಾಗಿರುತ್ತದೆ, ಕ್ಷಾರದ ಕಡೆಗೆ ಹೋದಂತೆ ಬೇಗ ಒಡೆಯುತ್ತದೆ. ಮಣ್ಣಿನ ಕಣಗಳ ಗಾತ್ರ ಅಳೆಯುವ ಮೊದಲು ಸಾವಯವ ಅಂಶವನ್ನು ಸುಟ್ಟು ತೆಗೆಯಲು ನಾವು ಪ್ರಯೋಗಾಲಯದಲ್ಲಿ ಶೇ. 30ರ ಪೆರಾಕ್ಸೈಡ್ ಹಾಕಿ ಬಿಸಿ ಮಾಡುತ್ತಿದ್ದೆವು. ವರ್ಷಗಟ್ಟಲೆ ಗೊಬ್ಬರ ಹಾಕಿ ಕೂಡಿಸಿದ ಸಾವಯವ ಅಂಶವನ್ನು ತೆಗೆಯುವ ವಸ್ತು ಅದು ಎಂಬುದನ್ನು ಹೊಲಕ್ಕೆ ಸುರಿಯುವ ಮೊದಲು ನೆನಪಿಡಬೇಕು.

ಸಿರುಗುಪ್ಪ ಸಸಿಮಡಿ:

ಎಲ್ಲರಿಗೂ ತುಂಬ ಧನ್ಯವಾದಗಳು. ಬಾಣಲೆಯ ಪರೀಕ್ಷೆ ನಾನೂ ಮಾಡಿದೆ. ಟ್ರೇಗೆ ತುಂಬುವ ತೆಂಗಿನ ನಾರಿನ ಪುಡಿ, ಎರೆಗೊಬ್ಬರದ ಮಿಶ್ರಣ ಹಸಿಯಾಗಿದ್ದಾಗ ಉಕ್ಕಿತು, ಹುರಿದ ಮೇಲೆ ಹೆಚ್ಚುಕಡಿಮೆ ಏನೂ ಆಗಲಿಲ್ಲ. ಹಾಗಾದರೆ ನಮ್ಮದು ಜೀವಿಗಳ ನೊರೆ. ಆದರೆ ಗುರುಗಳೇ, ನೊರೆಯಾಗಿ ಹೋಗದೆ ಉಳಿದ ಸ್ವಲ್ಪವಾದರೂ ರೋಗಕ್ಕೆ ತಾಗಿರಬೇಕಲ್ಲ? ಅದೂ ಏಕೆ ಕೆಲಸ ಮಾಡಲಿಲ್ಲ?

ರಾಯಚೂರು ರಸಾಯನ ಪಾಠ:

ಅದಕ್ಕೆ ಉತ್ತರ ರೋಗಾಣುವಿನ ಬದುಕಿನಲ್ಲಿದೆ. ಮೆಣಸಿನ ಸಸಿ ಕೊಳೆಗೆ ಸಾಮಾನ್ಯ ಕಾರಣ ಪಿಥಿಯಂ ಎಂಬ, ಶಿಲೀಂಧ್ರವನ್ನು ಹೋಲುವ ಸೂಕ್ಷ್ಮಜೀವಿ. ಅದಕ್ಕೆ ನೀರಿನಲ್ಲಿ ಈಜುವ ಬೀಜಕಗಳಿವೆ. ಅವುಗಳಿಗೆ ಕೋಶಭಿತ್ತಿಯೇ ಇಲ್ಲ, ಬರೀ ಪೊರೆ. ತಿಳಿನೀರಿನಲ್ಲಿ ಕಡಿಮೆ ಪ್ರಮಾಣದ ಪೆರಾಕ್ಸೈಡೂ ಅವನ್ನು ಕೊಲ್ಲುತ್ತದೆ. ಆದರೆ ಅದೇ ಪಿಥಿಯಂ ದಪ್ಪ ಗೋಡೆಯ ಇನ್ನೊಂದು ಬಗೆಯ ಬೀಜಕಗಳನ್ನು ಮಣ್ಣಿನಲ್ಲಿ, ಹಳೆಯ ಬೇರಿನ ತುಣುಕುಗಳಲ್ಲಿ ಇಟ್ಟಿರುತ್ತದೆ. ನೊರೆ ನಿಲ್ಲುವಷ್ಟರಲ್ಲಿ ಮುಗಿದುಹೋಗುವ ಪೆರಾಕ್ಸೈಡಿಗೆ ಆ ಗೋಡೆ ದಾಟಲು ಸಮಯವೇ ಸಿಗುವುದಿಲ್ಲ. ಸಸಿಯ ಬುಡದೊಳಗೆ ಆಗಲೇ ಹೊಕ್ಕ ಎಳೆಗಳಂತೂ ಸಸಿಯದೇ ಕ್ಯಾಟಲೇಸಿನ ಕಾವಲಿನಲ್ಲಿರುತ್ತವೆ. ಮಧ್ಯೆ ತೊಂದರೆಯಾಗುವುದು ಹೊರಗೆ ಬಿಡುಬೀಸಾಗಿ ಬದುಕುವ ಜೀವಿಗಳಿಗೆ. ನೀವು ಟ್ರೈಕೋಡರ್ಮಾ, ಸ್ಯೂಡೋಮೊನಾಸ್‌ನಂಥ, ರೋಗಾಣುಗಳನ್ನು ಹತ್ತಿಕ್ಕುವ ಉಪಕಾರಿ ಸೂಕ್ಷ್ಮಜೀವಿಗಳನ್ನು ಹಾಕಿದ್ದರೆ ಅವುಗಳಿಗೂ ಪೆಟ್ಟು ಬಿದ್ದಿರುತ್ತದೆ. ನನ್ನ ಅಭಿಪ್ರಾಯವನ್ನು ಖಚಿತವಾಗಿಯೇ ಹೇಳುತ್ತೇನೆ: ಸಸಿ ಇರುವ ಮಿಶ್ರಣಕ್ಕೆ ಪೆರಾಕ್ಸೈಡ್ ಬೇಡ. ಖಾಲಿ ಟ್ರೇ, ಕತ್ತರಿ, ನೀರಿನ ಟ್ಯಾಂಕಿನ ಒಳಗೋಡೆ, ಪೈಪು, ಇಂಥ ತೊಳೆದ ಗಟ್ಟಿ ಮೈಗಳ ಮೇಲೆ ಅದು ನಿಲ್ಲುತ್ತದೆ, ಅಲ್ಲಿ ಕೆಲಸವನ್ನೂ ಮಾಡುತ್ತದೆ.

ಕುಷ್ಟಗಿ ದಾಳಿಂಬೆ:

ಕತ್ತರಿಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಕಡೆ ದಾಳಿಂಬೆಗೆ ದುಂಡಾಣು ಅಂಗಮಾರಿ ಬಂದರೆ ಬೆಳೆ ಹೋದಂತೆಯೇ, ಅದು ಗಿಡದಿಂದ ಗಿಡಕ್ಕೆ ಹೋಗುವ ದಾರಿಗಳಲ್ಲಿ ಚಾಟನಿ ಮಾಡುವ, ಅಂದರೆ ಕೊಂಬೆ ಸವರುವ ಕತ್ತರಿಯೂ ಒಂದು. ನಾವು ಎರಡು ವರ್ಷ ಶೇ. 3ರ ಪೆರಾಕ್ಸೈಡಿನ ಬಕೆಟ್ ಇಟ್ಟುಕೊಂಡು ಪ್ರತಿ ಗಿಡಕ್ಕೂ ಕತ್ತರಿಯನ್ನು ಅದ್ದಿ ತೆಗೆಯುತ್ತಿದ್ದೆವು. ಆಮೇಲೆ ತಿಳಿಯಿತು, ಅದ್ದಿ ತೆಗೆಯುವ ಎರಡು ಸೆಕೆಂಡು ಅದಕ್ಕೆ ಸಾಲದು. ಹತ್ತು ನಿಮಿಷವಾದರೂ ಒದ್ದೆಯಾಗಿರಬೇಕು. ಅದರ ಮೇಲೆ ಅಲಗಿಗೆ ಅಂಟಿದ ಹಸಿ ರಸ, ತೊಗಟೆಯ ಚೂರುಗಳೇ ಪೆರಾಕ್ಸೈಡನ್ನು ತಿಂದುಬಿಡುತ್ತವೆ, ಮಧ್ಯಾಹ್ನದ ಹೊತ್ತಿಗೆ ಬಕೆಟ್ಟಿನಲ್ಲಿ ಉಳಿಯುವುದು ಹೆಚ್ಚುಕಡಿಮೆ ನೀರು.

ಈಗ ಒಬ್ಬೊಬ್ಬ ಆಳಿಗೆ ಎರಡೆರಡು ಕತ್ತರಿ ಕೊಟ್ಟಿದ್ದೇವೆ. ಒಂದು ಕೈಯಲ್ಲಿದ್ದಾಗ ಇನ್ನೊಂದು ನೆನೆಯುತ್ತಿರುತ್ತದೆ, ನೆನೆಹಾಕುವ ಮೊದಲು ಹಳೆ ಬಟ್ಟೆಯಿಂದ ಉಜ್ಜಿ ರಸ ತೆಗೆಯುತ್ತಾರೆ. ಆದರೂ ಒಂದು ಗಿಡ ಮುಗಿಸಲು ಹತ್ತು ನಿಮಿಷ ಬೇಕಾಗದ ದಿನಗಳಲ್ಲಿ ನಾನು ಪೆರಾಕ್ಸೈಡ್ ಬಿಟ್ಟು ಶೇ. 70ರ ಸ್ಪಿರಿಟ್ಟಿನಲ್ಲಿ ಒರೆಸಿಸುತ್ತೇನೆ, ಅದು ಬೇಗ ಕೆಲಸ ಮಾಡುತ್ತದೆ. ಒಣಗುವ ತನಕ ಬೀಡಿ, ಬೆಂಕಿಕಡ್ಡಿ ಹತ್ತಿರ ಬರಬಾರದು ಅಷ್ಟೆ. ಬೋರ್ಡೊ ದ್ರಾವಣ ಸಿಂಪಡಿಸುವ ಡ್ರಮ್ಮಿಗೆ ಪೆರಾಕ್ಸೈಡ್ ಸೇರಿಸುವವರನ್ನೂ ಕಂಡಿದ್ದೇನೆ. ಅದರಲ್ಲಿರುವ ತಾಮ್ರ ಮತ್ತು ಸುಣ್ಣ ಎರಡೂ ಪೆರಾಕ್ಸೈಡನ್ನು ಒಡೆಯುವಂಥವು ಎಂದು ತಿಳಿದ ಮೇಲೆ ಅದು ಬರೀ ದಂಡ ಎನ್ನುವುದು ಅರ್ಥವಾಯಿತು.

ಸಿಂಧನೂರು ಮಹಡಿತೋಟ:

ಡ್ರಿಪ್ ಪೈಪುಗಳಿಗೆ ಏನು ಮಾಡುತ್ತೀರಿ ಅಣ್ಣಾವರೇ? ನಮ್ಮ ಮಾವನವರ ಹೊಲದಲ್ಲಿ ಅರ್ಧಕ್ಕರ್ಧ ಡ್ರಿಪ್ಪರುಗಳು ಕಟ್ಟಿಕೊಂಡಿವೆ. ಅದಕ್ಕೂ ಪೆರಾಕ್ಸೈಡ್ ಹಾಕಿದರೆ ಬಿಟ್ಟುಕೊಳ್ಳುತ್ತದೆ ಎನ್ನುತ್ತಾರೆ.

ಕುಷ್ಟಗಿ ದಾಳಿಂಬೆ:

ಕಟ್ಟಿಕೊಂಡದ್ದು ಏನು ಎನ್ನುವುದರ ಮೇಲೆ ಅದು ನಿಂತಿದೆ. ನಮ್ಮ ಬೋರ್‌ವೆಲ್ ನೀರು ಗಡಸು, ಡ್ರಿಪ್ಪರಿನ ಬಾಯಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ. ಸುಣ್ಣಕ್ಕೆ ಪೆರಾಕ್ಸೈಡ್ ಏನೂ ಮಾಡುವುದಿಲ್ಲ, ಅದಕ್ಕೆ ಆಮ್ಲವೇ ಬೇಕು. ಕಾಲುವೆಯ ನೀರು, ಕೃಷಿಹೊಂಡದ ನೀರು ಬಿಡುವವರ ಪೈಪಿನಲ್ಲಿ ಕಟ್ಟುವುದು ಪಾಚಿ ಮತ್ತು ದುಂಡಾಣುಗಳ ಲೋಳೆ. ಕೆಲವು ಬೋರ್‌ಗಳಲ್ಲಿ ಕಬ್ಬಿಣ ತಿನ್ನುವ ದುಂಡಾಣುಗಳ ತುಕ್ಕು ಬಣ್ಣದ ಲೋಳೆ ಬರುತ್ತದೆ. ಈ ಲೋಳೆಗೆ ಪೆರಾಕ್ಸೈಡ್ ನಿಜವಾಗಿಯೂ ಒಳ್ಳೆಯದು, ಏಕೆಂದರೆ ಲೋಳೆಯನ್ನು ಉತ್ಕರ್ಷಿಸುವುದರ ಜೊತೆಗೆ ಒಳಗೆ ಏಳುವ ಗುಳ್ಳೆಗಳೂ ಅದನ್ನು ಪೈಪಿನ ಗೋಡೆಯಿಂದ ಕಿತ್ತು ಬಿಡಿಸುತ್ತವೆ. ನೊರೆ ನಮ್ಮ ಉಪಯೋಗಕ್ಕೆ ಬರುವ ಜಾಗ ನನಗೆ ಕಂಡಂತೆ ಇದೊಂದೇ.

ನಾನು ಮಾಡುವ ಪರೀಕ್ಷೆ ಹೀಗಿದೆ. ಲ್ಯಾಟರಲ್ಲಿನ, ಅಂದರೆ ಡ್ರಿಪ್ಪರುಗಳಿರುವ ಸಣ್ಣ ಪೈಪಿನ ತುದಿಯಲ್ಲಿ ಒಂದು ಗೇಣು ಪೈಪು ಕತ್ತರಿಸಿ ಉದ್ದಕ್ಕೆ ಸೀಳುತ್ತೇನೆ. ಒಳಗಿನ ಕಟ್ಟಿನ ಮೇಲೆ ಒಂದು ಕಡೆ ನಿಂಬೆರಸ, ಇನ್ನೊಂದು ಕಡೆ ಪೆರಾಕ್ಸೈಡ್ ಹನಿಸುತ್ತೇನೆ. ನಿಂಬೆರಸಕ್ಕೆ ಗುಳ್ಳೆ ಬಂದರೆ ಸುಣ್ಣ, ಪೆರಾಕ್ಸೈಡಿಗೆ ನೊರೆ ಬಂದರೆ ಲೋಳೆ. ಎರಡೂ ಬಂದರೆ ಮೊದಲು ಲೋಳೆ ತೆಗೆದು, ಪೈಪಿನ ತುದಿ ಬಿಚ್ಚಿ ತಿಳಿನೀರು ಬರುವ ತನಕ ಹರಿಸಿ, ಆಮ್ಲವನ್ನು ಬೇರೆ ದಿನ ಬಿಡುತ್ತೇನೆ. ಒಂದೇ ದಿನ ಎರಡನ್ನೂ ಬಿಡುವುದಿಲ್ಲ.

ಇದಕ್ಕೆ ಬಳಸುವ ಶೇ. 50ರ ಪೆರಾಕ್ಸೈಡಿನ ವಿಚಾರದಲ್ಲಿ ನನಗಾದದ್ದನ್ನು ಹೇಳಲೇಬೇಕು. ನಮಗೆ ಮಾರಿದವರು ಕ್ಯಾನಿನ ಮೇಲೆ ಎಷ್ಟರ ಬಲದ್ದೆಂಬ ಚೀಟಿಯನ್ನೂ ಅಂಟಿಸಿರಲಿಲ್ಲ. ಗಾಯಕ್ಕೆ ಹಾಕುವಂಥದ್ದೇ ಎಂದುಕೊಂಡು ಬರಿಗೈಯಲ್ಲಿ ಅಳೆದೆ. ಅರ್ಧ ನಿಮಿಷದಲ್ಲಿ ಬೆರಳುಗಳು ಸುಣ್ಣ ಬಳಿದಂತೆ ಬೆಳ್ಳಗಾಗಿ, ಸೂಜಿ ಚುಚ್ಚಿದ ಹಾಗೆ ಉರಿ ಹತ್ತಿತು. ತೊಟ್ಟಿಯ ನೀರಿನಲ್ಲಿ ಬಹಳ ಹೊತ್ತು ಕೈ ಇಟ್ಟುಕೊಂಡು ಕೂತೆ. ಬಣ್ಣ ಸಂಜೆಗೆ ಮರಳಿತು, ಉರಿ ಮರುದಿನದ ತನಕ ಇತ್ತು. ಅದೇ ಹನಿ ಕಣ್ಣಿಗೆ ಹಾರಿದ್ದರೆ ಏನಾಗುತ್ತಿತ್ತು ಎಂದು ಈಗಲೂ ನೆನೆಯುತ್ತೇನೆ.

ಬಳ್ಳಾರಿ ಮೆಡಿಕಲ್:

ಚರ್ಮದೊಳಗೆ ಹೊಕ್ಕ ಪೆರಾಕ್ಸೈಡ್ ಅಲ್ಲೇ ಒಡೆದು ಆಮ್ಲಜನಕದ ಸಣ್ಣ ಗುಳ್ಳೆಗಳು ತುಂಬಿಕೊಳ್ಳುವುದರಿಂದ ಆ ಬಿಳುಪು ಬರುತ್ತದೆ. ಶೇ. 50ರದ್ದನ್ನು ಮುಟ್ಟುವವರು ರಬ್ಬರ್ ಕೈಗವಸು, ಕಣ್ಣಿಗೆ ಮುಚ್ಚಿದ ಕನ್ನಡಕ ಹಾಕಲೇಬೇಕು, ಪಕ್ಕದಲ್ಲಿ ಒಂದು ಬಕೆಟ್ ನೀರು ಇರಲೇಬೇಕು. ನೀರಿಗೆ ಪೆರಾಕ್ಸೈಡನ್ನು ಸುರಿಯಿರಿ. ಅಳತೆಯಲ್ಲಿ ಮಿಕ್ಕದ್ದನ್ನು ಮರಳಿ ಕ್ಯಾನಿಗೆ ಹಾಕಬೇಡಿ, ಮಗ್ಗಿಗೆ ಅಂಟಿದ ಒಂದು ಚಿಟಿಕೆ ಮಣ್ಣು ಒಳಗೆ ಹೋದರೂ ಕ್ಯಾನಿನಲ್ಲಿರುವ ಪೆರಾಕ್ಸೈಡೆಲ್ಲ ಒಡೆಯಲು ಶುರುವಾಗಿ ಕ್ಯಾನ್ ಉಬ್ಬಬಹುದು. ಗಾಳಿ ಹೊರಹೋಗುವ ಮುಚ್ಚಳವಿರುವ ಮೂಲ ಕ್ಯಾನಿನಲ್ಲೇ ಇಡಬೇಕು, ತಾಮ್ರ, ಹಿತ್ತಾಳೆ, ಕಬ್ಬಿಣದ ಪಾತ್ರೆಗಳು ಕೂಡದು. ಗೋಣಿಚೀಲ, ಹತ್ತಿ, ಒಣ ಹುಲ್ಲಿನ ಮೇಲೆ ಚೆಲ್ಲಿದರೆ ಒಣಗುತ್ತಾ ಬಂದಂತೆ ಬೆಂಕಿಯೇ ಹತ್ತಬಹುದು, ಹತ್ತಿ ಕೂಡಿಟ್ಟ ಕೋಣೆಯಲ್ಲಿ ಇಡುವವರು ಇದನ್ನು ಗಮನಿಸಿ.

ಬ್ಲೀಚಿಂಗ್ ಪೌಡರಿಗೆ ಇದನ್ನು ಬೆರೆಸಿದರೆ ಎರಡೂ ಒಂದನ್ನೊಂದು ಹಾಳುಮಾಡಿ ರಭಸದಿಂದ ಆಮ್ಲಜನಕ ಉಕ್ಕುತ್ತದೆ, ಸೋಂಕುನಾಶಕ ಉಳಿಯುವುದಿಲ್ಲ. ವಿನೆಗರ್ ಬೆರೆಸಿದರೆ ಪೆರಾಸಿಟಿಕ್ ಆಮ್ಲ ಹುಟ್ಟುತ್ತದೆ. ಅದು ಬಲವಾದ ಸೋಂಕುನಾಶಕವೇ ಆದರೂ ಕಣ್ಣು, ಮೂಗು, ಶ್ವಾಸಕೋಶವನ್ನು ಸುಡುತ್ತದೆ. ಮನೆಯಲ್ಲಿ ಅಳತೆಯಿಲ್ಲದೆ ಮಾಡುವ ವಸ್ತು ಅದಲ್ಲ.

ರಾಯಚೂರು ರಸಾಯನ ಪಾಠ:

ಶೇ. 50ರಿಂದ ತೆಳು ಮಾಡುವವರಿಗೆ ಲೆಕ್ಕದ ಒಂದು ತೊಡಕನ್ನು ತಿಳಿಸಬೇಕು. ಆ ಶೇ. 50 ತೂಕದ ಲೆಕ್ಕ. ಆ ದ್ರಾವಣ ನೀರಿಗಿಂತ ಭಾರವಾದದ್ದು, ಒಂದು ಲೀಟರ್ ಸುಮಾರು 1.2 ಕಿಲೊ ತೂಗುತ್ತದೆ. ಆದ್ದರಿಂದ ಅದರ ಒಂದು ಲೀಟರಿನಲ್ಲಿ 600 ಗ್ರಾಂ ಪೆರಾಕ್ಸೈಡ್ ಇರುತ್ತದೆ, 500 ಅಲ್ಲ. ಲೀಟರಿಗೆ 30 ಗ್ರಾಮಿನ, ಅಂದರೆ ಶೇ. 3ರ ದ್ರಾವಣ ಬೇಕಾದರೆ ಒಂದು ಲೀಟರಿಗೆ 19 ಲೀಟರ್ ನೀರು. ಮೆಡಿಕಲ್ ಬಾಟಲಿಯಾದರೆ ಸುಲಭ: ಶೇ. 6ಕ್ಕೆ ಸಮನಾಗಿ ನೀರು ಬೆರೆಸಿದರೆ ಶೇ. 3.

ಇನ್ನೊಂದು ವಿಷಯ ನಮ್ಮ ಬಿಸಿಲಿನದು. ಹತ್ತು ಡಿಗ್ರಿ ಏರಿದಂತೆ ಪೆರಾಕ್ಸೈಡ್ ತಾನಾಗಿ ಒಡೆಯುವ ವೇಗ ಸುಮಾರು ಎರಡು ಪಟ್ಟಾಗುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ ತಗಡಿನ ಶೆಡ್ಡಿನೊಳಗೆ ಬಿಟ್ಟ ಬಾಟಲಿಯ ಗತಿ ಊಹಿಸಿ. ಅದು ಕಂದು ಬಾಟಲಿಯಲ್ಲಿ ಬರುವುದು ಬೆಳಕಿಗೂ ಒಡೆಯುತ್ತದೆ ಎಂಬ ಕಾರಣಕ್ಕೆ.

ಬಲ ಉಳಿದಿದೆಯೇ ಎಂದು ನೋಡಲು ಈಸ್ಟ್ ಸಾಕು. ಒಂದು ಸಣ್ಣ ಸೀಸೆಯಲ್ಲಿ 5 ಮಿಲಿ ಲೀಟರ್ ಪೆರಾಕ್ಸೈಡ್ ಹಾಕಿ, ಬೇಕರಿಯ ಈಸ್ಟ್ ಒಂದು ಚಿಟಿಕೆ ಉದುರಿಸಿ, ಕೂಡಲೇ ಸಣ್ಣ ಕೊಳವೆ ತೂರಿಸಿದ ಬಿರಡೆ ಬಿಗಿಯಿರಿ. ಕೊಳವೆಯ ಇನ್ನೊಂದು ತುದಿಯನ್ನು, ನೀರು ತುಂಬಿ ಬಕೆಟ್ಟಿನಲ್ಲಿ ಬೋರಲು ಹಾಕಿದ ಅಳತೆಯ ಬಾಟಲಿಯೊಳಗೆ ಬಿಡಿ. ಬಲ ಪೂರ್ತಿ ಇದ್ದರೆ 100 ಮಿಲಿ ಲೀಟರಿಗಿಂತ ತುಸು ಹೆಚ್ಚೇ ಅನಿಲ ಸೇರುತ್ತದೆ, ಏಕೆಂದರೆ 20 ವಾಲ್ಯೂಮಿನ ಲೆಕ್ಕ ಸೊನ್ನೆ ಡಿಗ್ರಿಯದು, ನಮ್ಮ ಸೆಖೆಯಲ್ಲಿ ಅನಿಲ ಹಿಗ್ಗಿರುತ್ತದೆ.

ಸಿರುಗುಪ್ಪ ಸಸಿಮಡಿ:

ಎರಡು ತಿಂಗಳ ಮೇಲೆ ಮತ್ತೆ ಬರೆಯುತ್ತಿದ್ದೇನೆ, ಕೇಳಿದವಳು ಆದದ್ದನ್ನೂ ಹೇಳಬೇಕಲ್ಲ. ಈಸ್ಟ್ ಪರೀಕ್ಷೆಯನ್ನು ಮಗಳು ಮಾಡಿಕೊಟ್ಟಳು. ಹೊಸ ಬಾಟಲಿಯಿಂದ 110 ಮಿಲಿ ಲೀಟರಿನ ಹತ್ತಿರ ಬಂತು. ನೆರಳುಮನೆಯ ಕಂಬಕ್ಕೆ ಕಟ್ಟಿದ್ದ ಹಳೆಯ ಬಾಟಲಿಯಿಂದ 45 ಕೂಡ ದಾಟಲಿಲ್ಲ. ಎರಡರ ಬಣ್ಣ, ವಾಸನೆಯಲ್ಲಿ ಒಂದಿಷ್ಟೂ ವ್ಯತ್ಯಾಸವಿರಲಿಲ್ಲ.

ಹಳೆಯ ಮಿಶ್ರಣವನ್ನು ಹಾಗೆಯೇ ಟ್ರೇಗೆ ಮತ್ತೆ ತುಂಬಲಿಲ್ಲ. ಅದನ್ನು ಒದ್ದೆ ಮಾಡಿ ತೆಳುವಾಗಿ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಅಂಚಿಗೆ ಮಣ್ಣು ಮುಚ್ಚಿ ಐದು ವಾರ ಬಿಸಿಲಿಗೆ ಬಿಟ್ಟೆ. ಟ್ರೇಗಳನ್ನು ಮೊದಲು ಸೋಪಿನ ನೀರಿನಲ್ಲಿ ಬ್ರಷ್ಷಿನಿಂದ ತಿಕ್ಕಿ, ಕುಳಿಯ ತಳದಲ್ಲಿ ಸಿಕ್ಕಿಕೊಂಡ ಬೇರಿನ ಚೂರುಗಳನ್ನು ಕಡ್ಡಿಯಿಂದ ತೆಗೆದೆ. ಆಮೇಲೆ ಶೇ. 3ರ ಪೆರಾಕ್ಸೈಡಿನಲ್ಲಿ ಹತ್ತು ನಿಮಿಷ ಮುಳುಗಿಸಿ ನೆರಳಿನಲ್ಲಿ ಒಣಗಿಸಿದೆ. ತಿಕ್ಕಿದ ಟ್ರೇಯಲ್ಲಿ ನೊರೆ ಏಳಲೇ ಇಲ್ಲ, ಅಲ್ಲೊಂದು ಇಲ್ಲೊಂದು ಗುಳ್ಳೆ ಅಂಟಿಕೊಂಡಿತ್ತು. ನೊರೆ ಎದ್ದ ಎರಡು ಕುಳಿಗಳನ್ನು ನೋಡಿದರೆ ಒಳಗೆ ಹಳೆಯ ಬೇರು ಉಳಿದಿತ್ತು. ಈಗ ಅದನ್ನೇ ಗುರುತಾಗಿ ಇಟ್ಟುಕೊಂಡಿದ್ದೇನೆ, ನೊರೆ ಬಂದರೆ ಆ ಟ್ರೇ ಇನ್ನೊಮ್ಮೆ ಬ್ರಷ್ಷಿಗೆ ಹೋಗುತ್ತದೆ.

ಈ ಸುತ್ತಿನಲ್ಲಿ ನಾನು ಎಣಿಸಿದ ಎರಡು ಟ್ರೇಗಳಲ್ಲಿ ಏಳು ಮತ್ತು ಒಂಬತ್ತು ಸಸಿಗಳು ಬಿದ್ದವು. ಇದು ಪೂರ್ತಿ ಪೆರಾಕ್ಸೈಡಿನಿಂದಲೇ ಆದದ್ದು ಎಂದು ನಾನು ಹೇಳುವುದಿಲ್ಲ. ಬೀಜ ತೆಳುವಾಗಿ ಹಾಕಿದೆ, ಸಂಜೆಯ ನೀರು ನಿಲ್ಲಿಸಿ ಬೆಳಿಗ್ಗೆ ಮಾತ್ರ ಕೊಟ್ಟೆ, ಬಿತ್ತುವಾಗ ಟ್ರೈಕೋಡರ್ಮಾ ಬೆರೆಸಿದ್ದೆ, ಬಿಸಿಲಿನ ಪಾಲೂ ಇದೆ. ಒಂದು ಪ್ರಶ್ನೆ ಉಳಿದಿದೆ: ಫ್ರಿಜ್ಜಿನಲ್ಲಿ ತಿನ್ನುವ ಪದಾರ್ಥಗಳ ಜೊತೆ ಬಾಟಲಿ ಇಡಲು ಮನಸ್ಸಿಲ್ಲ. ಈ ಬಿಸಿಲಿನಲ್ಲಿ ಅದನ್ನು ಎಲ್ಲಿಡುವುದು?

ಬಳ್ಳಾರಿ ಮೆಡಿಕಲ್:

ಫ್ರಿಜ್ಜಿನಲ್ಲಿ ಇಡದಿರುವುದೇ ಸರಿ, ಮಕ್ಕಳು ನೀರೆಂದು ಕುಡಿದಾರು. ಮನೆಯೊಳಗೆ ಮಧ್ಯಾಹ್ನವೂ ಬಿಸಿಲು ತಾಗದ, ಮಕ್ಕಳ ಕೈಗೆ ಎಟುಕದ ಗೋಡೆಗೂಡಿನಲ್ಲಿ ಇಡಿ. ನೂರು ಮಿಲಿ ಲೀಟರಿನ ಸಣ್ಣ ಬಾಟಲಿಗಳನ್ನೇ ಕೊಳ್ಳಿ, ಮುಚ್ಚಳ ತೆರೆದ ದಿನಾಂಕವನ್ನು ಪೆನ್ನಿನಿಂದ ಮೇಲೆ ಬರೆಯಿರಿ. ಒಂದು ಟ್ರೇ ತೊಟ್ಟಿಗೆ ಬೇಕಾದಷ್ಟು ಬಾಟಲಿಗಳನ್ನು ಆ ದಿನವೇ ತೆರೆದು ಮುಗಿಸುವುದಾದರೆ ಈಸ್ಟ್ ಪರೀಕ್ಷೆಯ ಅಗತ್ಯವೂ ಬೀಳುವುದಿಲ್ಲ.